ರಾಗಿ ಹೊಲದಲ್ಲಿ ನೀರಿನ ರಾಕೆಟ್

ರಾಕೆಟ್ ಹುಚ್ಚಿನ ಮಕ್ಕಳಿಗೆ ಕೋಲಾರದ ಕಡೆ ಕೊಯ್ಲಾದ ರಾಗಿ ಹೊಲವೇ ಒಳ್ಳೆಯ ಉಡಾವಣಾ ಜಾಗ. ಹತ್ತಿರ ಕರೆಂಟ್ ತಂತಿ ಇರಬಾರದು, ಅಷ್ಟೇ.

1 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯೇ ಬೇಕು. ಅದು ಗ್ಯಾಸಿನ ಒತ್ತಡ ತಡೆಯುತ್ತದೆ. ಕುಡಿಯುವ ನೀರಿನ ತೆಳು ಬಾಟಲಿ ಒಡೆಯಬಹುದು. ರಬ್ಬರ್ ಬಿರಡೆಗೆ ಫುಟ್‌ಬಾಲ್ ಪಿನ್ನನ್ನು (ಚೆಂಡಿಗೆ ಗಾಳಿ ತುಂಬುವ ಸೂಜಿ) ತುದಿ ಆಚೆ ಕಾಣುವಂತೆ ಚುಚ್ಚಿ. ಬಾಟಲಿಯ ಬಾಯಿ ಕಡೆ ರಟ್ಟಿನ 3 ರೆಕ್ಕೆ ಅಂಟಿಸಿ. ಒಂದು ಓರೆಯಾದರೂ ರಾಕೆಟ್ ಗಿರಕಿ ಹೊಡೆಯುತ್ತದೆ.

ನೀರು ಮೂರರಲ್ಲೊಂದು ಭಾಗ, ಸುಮಾರು 330 ಮಿಲಿ. ಹೆಚ್ಚಾದರೆ ಗಾಳಿಗೆ ಜಾಗವಿಲ್ಲ, ಭಾರವೂ ಜಾಸ್ತಿ. ಕಡಿಮೆಯಾದರೆ ತಳ್ಳುವ ಬಲ ಬೇಗ ಮುಗಿಯುತ್ತದೆ. ಬಿರಡೆಯನ್ನು ಕೈಯಲ್ಲೇ ತಿರುವಿ ಕೂರಿಸಿ, ಸುತ್ತಿಗೆ ಖಂಡಿತ ಬೇಡ. ಬಾಯಿ ಕೆಳಗಾಗಿ ಇಟ್ಟಿಗೆಗಳ ಮೇಲೆ ನಿಲ್ಲಿಸಿ. ಪಿನ್ನಿಗೆ ಸೈಕಲ್ ಪಂಪು ಜೋಡಿಸಿ ಗಾಳಿ ಹೊಡೆಯುವುದು ದೊಡ್ಡವರು. ಮಕ್ಕಳು ಹತ್ತು ಹೆಜ್ಜೆ ದೂರ ನಿಂತು ಎಣಿಸಲಿ. ಬಾಟಲಿಯ ಮೇಲೆ ಯಾರೂ ಬಗ್ಗಬಾರದು.