ಮೂರನೇ ಸಲಕ್ಕೆ ನಿಂತ ಕರಿಬೇವು

ಅರಸೀಕೆರೆ ಹತ್ತಿರದ ನನ್ನ ತವರು ಮನೆಯಲ್ಲಿ, ಬಚ್ಚಲ ನೀರು ಹರಿಯುವ ಕಡೆ ದೊಡ್ಡದೊಂದು ಕರಿಬೇವಿನ ಮರವಿದೆ. ಅದಕ್ಕೆ ಯಾರೂ ಗೊಬ್ಬರ ಹಾಕಿದ್ದು ನಾನು ನೋಡಿಲ್ಲ. ಹಾಗಾಗಿ ಬೆಂಗಳೂರಿನ ಎರಡನೇ ಮಹಡಿಯ ಮನೆಗೆ ಬಂದಾಗ, ಕುಂಡದಲ್ಲಿ ಒಂದು ಕರಿಬೇವು ಬೆಳೆಸೋದು ಕಷ್ಟ ಅಂತ ಅನಿಸಲೇ ಇಲ್ಲ. ಒಂದೇ ವರ್ಷದಲ್ಲಿ ಎರಡು ಗಿಡ ಸತ್ತವು.

ಎರಡೂ ಸಲ ಆಗಿದ್ದು ಒಂದೇ. ಕೆಳಗಿನ ಎಲೆ ಹಳದಿಯಾದವು, ಆಮೇಲೆ ಗಿಡ ಜೋತುಬಿತ್ತು. ಬಾಯಾರಿರಬೇಕು ಅಂತ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕಿದೆ. ಎರಡನೇ ಗಿಡ ಕಿತ್ತು ನೋಡಿದಾಗ ಬೇರೆಲ್ಲ ಕಪ್ಪಾಗಿತ್ತು, ಮೋರಿಯ ವಾಸನೆ ಬರ್ತಿತ್ತು. ತುಂಬಾ ಬೇಜಾರಾಯಿತು. ಅವ್ವನಿಗೆ ಫೋನ್ ಮಾಡಿದರೆ ಅವಳು ಕೇಳಿದ್ದು ಒಂದೇ ಮಾತು: "ನೀರು ಹಾಕೋ ಮುಂಚೆ ಮಣ್ಣು ಮುಟ್ಟಿ ನೋಡಿದ್ಯೇನೇ?"

ನೋಡಿರಲಿಲ್ಲ. ಗಡಿಯಾರ ನೋಡಿ ನೀರು ಹಾಕ್ತಿದ್ದೆ, ಅಷ್ಟೇ.

ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಅದಕ್ಕೇ ನೀರು ಜಾಸ್ತಿಯಾದ ಗಿಡವೂ ಬಾಯಾರಿದ ಗಿಡದ ಹಾಗೇ ಜೋತುಬೀಳುತ್ತದೆ. ನೋಡಿದವರು ಇನ್ನಷ್ಟು ನೀರು ಹಾಕ್ತಾರೆ. ಕುಂಡದ ಗಿಡಗಳು ಸಾಯೋದು ಹೆಚ್ಚಾಗಿ ಹೀಗೇ ಅಂತ ನನಗೀಗ ಅನಿಸುತ್ತದೆ.

ಮೂರನೇ ಸಲ ಮಣ್ಣಿನಿಂದಲೇ ಶುರು ಮಾಡಿದೆ. ಬರೀ ಕೆಂಪು ಮಣ್ಣು ತುಂಬಿದರೆ ಎರಡು ತಿಂಗಳಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ ಸೇರಿಸಿದೆ. ಕುಂಡ 14 ಇಂಚಿನದು. ತಳದಲ್ಲಿ ತೂತು ಇದ್ದರೆ ಸಾಲದು, ಅದು ತೆರೆದಿರಬೇಕು. ನನ್ನ ಹಳೇ ಕುಂಡದ ತೂತು ನೆಲದ ಟೈಲ್ಸ್‌ಗೆ ಅಂಟಿ ಮುಚ್ಚಿಹೋಗಿತ್ತು. ಈಗ ಎರಡು ಇಟ್ಟಿಗೆ ಚೂರಿನ ಮೇಲೆ ಕುಂಡ ಇಟ್ಟಿದ್ದೇನೆ. ತಳಕ್ಕೆ ಜಲ್ಲಿ ಹಾಕಿ ಅಂತ ಕೆಲವರು ಹೇಳ್ತಾರೆ. ನಾನು ಹಾಕೋದಿಲ್ಲ. ಮಣ್ಣೇ ಸಡಿಲವಾಗಿದ್ದರೆ ಜಲ್ಲಿ ಯಾಕೆ ಬೇಕು? ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ, ಅಷ್ಟೇ. ತೂತಿನ ಮೇಲೆ ಒಂದು ಚೂರು ತೆಂಗಿನ ನಾರು ಸಾಕು.

ಬಾಲ್ಕನಿಯಲ್ಲಿ ಬಿಸಿಲು ಬರೋದು ಎರಡೇ ಗಂಟೆ. ಓನರ್ ಆಂಟಿ ಹತ್ರ ಕೇಳಿ ಕುಂಡವನ್ನು ತಾರಸಿಗೆ ಸಾಗಿಸಿದೆ. ಕರಿಬೇವಿಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು.

ನೀರಿಗೆ ಈಗ ಹೊತ್ತು ಗೊತ್ತು ಇಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡ್ತೇನೆ. ತೇವ ತಗುಲಿದರೆ ಸುಮ್ನೆ ವಾಪಸ್ ಬರ್ತೇನೆ. ಒಣಗಿದ್ದರೆ ತಳದಿಂದ ನೀರು ಹೊರಗೆ ಬರುವ ತನಕ ಹಾಕ್ತೇನೆ. ಏಪ್ರಿಲ್‌ನಲ್ಲಿ ದಿನಾ ಬೇಕಾಗುತ್ತದೆ. ಮಳೆ ಹಿಡಿದ ವಾರ ಒಂದು ತೊಟ್ಟೂ ಬೇಡ. ಅಕ್ಕಿ ತೊಳೆದ ನೀರು ಆಗಾಗ ಹಾಕ್ತೇನೆ. ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ಮಾತ್ರ ಹಾಕೋದಿಲ್ಲ. ನೀರಿನ ಉಪ್ಪೆಲ್ಲ ಅದರಲ್ಲೇ ಉಳಿದಿರುತ್ತದೆ, ಬರ್ತಾ ಬರ್ತಾ ಕುಂಡದಲ್ಲಿ ಸೇರಿಕೊಳ್ಳುತ್ತದೆ. ಅದು ನೆಲ ಒರೆಸಲು ಸಾಕು.

ಗಿಡ ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಿದೆ. ಮನಸ್ಸು ಬರಲಿಲ್ಲ, ನಿಜ. ಮೂರು ವಾರದಲ್ಲಿ ಕೆಳಗಿನಿಂದ ಎರಡು ಕವಲು ಒಡೆದವು. ಚಿವುಟದಿದ್ದರೆ ಕೋಲಿನ ಹಾಗೆ ಒಂದೇ ಉದ್ದ ಹೋಗಿಬಿಡುತ್ತದೆ. ಒಗ್ಗರಣೆಗೆ ಬೇಕಾದಾಗಲೂ ಎಲೆ ಬಿಡಿಬಿಡಿಯಾಗಿ ತರಿಯೋದಿಲ್ಲ, ಕಡ್ಡಿ ಸಮೇತ ಮುರಿಯುತ್ತೇನೆ.

ಒಂದು ಜೂನ್‌ನಲ್ಲಿ ಎಲೆಗಳ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಏನೋ ಕಂಡಿತು. ಮುಟ್ಟಿದರೆ ಅಲ್ಲಾಡಿತು! ಅದು ಚಿಟ್ಟೆಯ ಹುಳು. ಕರಿಬೇವು ಮತ್ತು ನಿಂಬೆ ಒಂದೇ ಕುಟುಂಬದ ಗಿಡಗಳು. ನಿಂಬೆ ಎಲೆ ತಿನ್ನುವ ಚಿಟ್ಟೆ ಇದರ ಮೇಲೂ ಮೊಟ್ಟೆ ಇಡುತ್ತದೆ. ಹುಳು ದೊಡ್ಡದಾದಂತೆ ಎಲೆಯಷ್ಟೇ ಹಸಿರಾಗುತ್ತದೆ, ಕಣ್ಣಿಗೆ ಬೀಳೋದೇ ಇಲ್ಲ. ಔಷಧಿ ಹೊಡೆಯಲು ನನಗೆ ಇಷ್ಟವಿಲ್ಲ, ನಾವು ತಿನ್ನುವ ಸೊಪ್ಪು ಅಲ್ವಾ. ತವರಿನ ಮರದ ಬುಡದಲ್ಲಿ ಎದ್ದಿದ್ದ ಮರಿಯೊಂದನ್ನು ಬೇರು ಸಮೇತ ತಂದು ಬೇರೆ ಕುಂಡದಲ್ಲಿ ನೆಟ್ಟೆ. ಈಗ ಹುಳುಗಳನ್ನು ಎಲೆ ಸಮೇತ ಎತ್ತಿ ಅದರ ಮೇಲೆ ಬಿಡ್ತೇನೆ. ಅದು ಆಗಾಗ ಬರೀ ಕಡ್ಡಿಯಾಗುತ್ತದೆ, ಮತ್ತೆ ಚಿಗುರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಗಿಡ ಬೆಳೆಯೋದು ನಿಲ್ಲುತ್ತದೆ. ಕೆಲವು ಎಲೆ ಉದುರುತ್ತವೆ. ಮೊದಲ ಚಳಿಗಾಲದಲ್ಲಿ ಹೆದರಿ ಗೊಬ್ಬರ ಸುರಿಯಲು ಹೋಗಿದ್ದೆ, ಅವ್ವ ತಡೆದಳು. ಆಗ ನಾಲ್ಕೈದು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕು. ಶಿವರಾತ್ರಿ ಕಳೆದು ತಿಳಿ ಹಸಿರು ಚಿಗುರು ಕಂಡ ಮೇಲೆ ಮೇಲ್ಮಣ್ಣು ಕೆದರಿ ಎರಡು ಹಿಡಿ ಗೊಬ್ಬರ ಹಾಕ್ತೇನೆ. ಈ ಸಲವೂ ಹಾಗೇ ಮಾಡಿದೆ. ಯುಗಾದಿಯ ಚಿತ್ರಾನ್ನಕ್ಕೆ ಬೇಕಾದ ಸೊಪ್ಪೆಲ್ಲ ತಾರಸಿಯಿಂದಲೇ ಬಂತು.