ತುಲಾಂಬೆನ್‌ನಲ್ಲಿ ದಡದಿಂದಲೇ ಡೈವ್: ನಾವು ಪ್ಲಾನ್ ಮಾಡಿದ ರೀತಿ

ಇಂಡೋನೇಷ್ಯಾದ ಬಾಲಿ ದ್ವೀಪದ ತುಲಾಂಬೆನ್ ಕಡಲದಂಡೆಯಲ್ಲಿ ಇರುವುದೆಲ್ಲ ಕಪ್ಪು ಕಲ್ಲು. ಕೆಲವು ನಿಂಬೆಹಣ್ಣಿನಷ್ಟು, ಕೆಲವು ತೆಂಗಿನಕಾಯಿಯಷ್ಟು. ಅಲೆ ವಾಪಸ್ ಸರಿಯುವಾಗ ಅವು ಒಂದರ ಮೇಲೊಂದು ಉರುಳಿ ಗಡಗಡ ಅನ್ನುತ್ತವೆ. ಬೆನ್ನಿಗೆ ಟ್ಯಾಂಕ್, ಸೊಂಟಕ್ಕೆ ಸೀಸದ ತೂಕ, ಒಟ್ಟು 25 ಕಿಲೋ ಹತ್ತಿರ ಹೊತ್ತುಕೊಂಡು ಈ ಕಲ್ಲಿನ ಮೇಲೆ ನಡೆದು ನೀರಿಗೆ ಇಳಿಯಬೇಕು. ಒಂದು ಗಂಟೆ ಬಿಟ್ಟು, ಸುಸ್ತಾದ ಕಾಲಲ್ಲಿ, ಅದೇ ಕಲ್ಲು ಹತ್ತಿ ಬರಬೇಕು.

2019ರಲ್ಲಿ ನಾನು ಮತ್ತು ನನ್ನ ತಮ್ಮ ಇಲ್ಲಿ ಮೊದಲ ಸಲ ಇಳಿದಾಗ, ಹತ್ತಿ ಬರುವ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ. ಗಾಳಿ ಎದ್ದಿತ್ತು. ಹೋಗುವಾಗ ಹೇಗೋ ಹೋದೆವು. ಬರುವಾಗ ಮೊಣಕಾಲುದ್ದ ನೀರಲ್ಲಿ ಎದ್ದು ನಿಂತು, ಟ್ಯಾಂಕಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಿಂದ ತೆಗೆದು, ಕಾಲಿನ ಈಜುರೆಕ್ಕೆ, ಅಂದರೆ ಫಿನ್, ಬಿಚ್ಚಲು ಬಗ್ಗಿದೆ. ಹಿಂದಿನಿಂದ ಅಲೆ ಬಂತು. ಮುಖ ಅಡಿಯಾಗಿ ಬಿದ್ದೆ. ಮೇಲೆ ಏಳುವಷ್ಟರಲ್ಲಿ ಇನ್ನೊಂದು. ಬಾಯಲ್ಲಿ ಉಪ್ಪುನೀರು, ಬೆನ್ನ ಮೇಲೆ ಟ್ಯಾಂಕಿನ ಭಾರ, ಮಾಸ್ಕ್ ಎಲ್ಲೋ ಹೋಗಿತ್ತು. ತಮ್ಮ ಓಡಿಬಂದು ಎಳೆಯದಿದ್ದರೆ ಏನಾಗುತ್ತಿತ್ತೋ. ಅವನ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. 18 ಮೀಟರ್ ಆಳದಲ್ಲಿ ಏನೂ ಆಗದವರು ಮೊಣಕಾಲುದ್ದ ನೀರಿನಲ್ಲಿ ಪೆಟ್ಟು ತಿಂದೆವು.

ನಾವಿಬ್ಬರೂ ಡೈವಿಂಗ್ ಕಲಿತದ್ದು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಅಲ್ಲಿ ದೋಣಿ ಇರುತ್ತದೆ. ದೋಣಿಯವರು ಸಮುದ್ರ ನೋಡಿ ಇಂದು ಹೋಗಬಹುದೋ ಇಲ್ಲವೋ ಹೇಳುತ್ತಾರೆ. ನೀರಿಗೆ ಎಷ್ಟು ಜನ ಹೋದರು, ಎಷ್ಟು ಜನ ಬಂದರು ಅಂತ ಎಣಿಸುತ್ತಾರೆ. ದಡದಿಂದ ಇಳಿಯುವ ಡೈವ್‌ನಲ್ಲಿ ಈ ಕೆಲಸಗಳೆಲ್ಲ ನಿಮ್ಮ ತಲೆಗೇ ಬರುತ್ತವೆ. ಅದು ನಮಗೆ ಬಿದ್ದ ಮೇಲೆ ಗೊತ್ತಾಯಿತು.

2024ರ ಮೇ ತಿಂಗಳಲ್ಲಿ ಮತ್ತೆ ಹೋದೆವು. ಈ ಸಲ ಪ್ಲಾನ್ ಶುರುವಾಗಿದ್ದು ಹೊರಬರುವ ಜಾಗದಿಂದ.

ಅಷ್ಟು ಕಷ್ಟಪಟ್ಟು ಮತ್ತೆ ಅಲ್ಲಿಗೇ ಯಾಕೆ ಅಂತ ಅಮ್ಮ ಕೇಳಿದ್ದರು. ಕಾರಣ ಲಿಬರ್ಟಿ ಹಡಗು. 1918ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸರಕು ಹಡಗು ಅದು. 1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಹೊಡೆಯಿತು. ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದರು, ಆದರೆ ನೀರು ತುಂಬುತ್ತಲೇ ಇತ್ತು. ಕೊನೆಗೆ ತುಲಾಂಬೆನ್ ದಡಕ್ಕೆ ಹತ್ತಿಸಿ ಬಿಟ್ಟರು. 21 ವರ್ಷ ಅಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಹಡಗು ನೀರಿಗೆ ಜಾರಿತು. ಈಗ ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಮಲಗಿದೆ. ಉದ್ದ ಸುಮಾರು 120 ಮೀಟರ್. ಮೇಲಿನ ಭಾಗ ಬರೀ 5 ಮೀಟರ್ ಆಳದಲ್ಲಿ ಸಿಗುತ್ತದೆ, ಕೆಳಗಿನದು 30ರ ಹತ್ತಿರ. 60 ವರ್ಷಗಳಲ್ಲಿ ಕಬ್ಬಿಣದ ಮೇಲೆಲ್ಲ ಹವಳ ಬೆಳೆದಿದೆ. ದೋಣಿಯೇ ಬೇಡ, ದಡದಿಂದ ಕೆಲವೇ ನಿಮಿಷ ಈಜಿದರೆ ಸಾಕು. ಇಂಥ ಜಾಗ ಬೇರೆ ಎಲ್ಲಿದೆ ಹೇಳಿ!

ಮನೆಯಲ್ಲೇ ಕೂತು ಮಾಡಿದ ಕೆಲಸ ಮೂರು. ಮೊದಲನೆಯದು ಸಮಯ. ಬಾಲಿಯಲ್ಲಿ ಏಪ್ರಿಲ್‌ನಿಂದ ಮಳೆ ಕಡಿಮೆ, ಹಳ್ಳದ ಕೆಸರು ಕಡಲಿಗೆ ಬರುವುದಿಲ್ಲ. ದಿನದ ಲೆಕ್ಕದಲ್ಲಿ ಬೆಳಗ್ಗೆಯೇ ಒಳ್ಳೆಯದು. ಗಾಳಿ ಎದ್ದಿರುವುದಿಲ್ಲ. ದಕ್ಷಿಣ ಬಾಲಿಯಿಂದ ಬರುವ ಡೈವರ್‌ಗಳ ವ್ಯಾನುಗಳು ಒಂಬತ್ತರ ಮೇಲೆ ಬಂದು ಸೇರುತ್ತವೆ. ಅದಕ್ಕೇ ಹಿಂದಿನ ದಿನವೇ ಹೋಗಿ ಊರಲ್ಲೇ ಉಳಿದುಕೊಂಡೆವು.

ಎರಡನೆಯದು ಆಮೇಲಿನ ಪ್ರಯಾಣ. ಸತತವಾಗಿ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, ಇದು ಎಲ್ಲ ಡೈವರ್‌ಗಳಿಗೂ ಗೊತ್ತು. ಬಾಲಿಯಲ್ಲಿ ಬಹಳ ಜನ ಮರೆಯುವುದು ಬೆಟ್ಟವನ್ನು. ಬೆಳಗ್ಗೆ ಡೈವ್, ಮಧ್ಯಾಹ್ನ ಬೆಟ್ಟದ ಮೇಲಿನ ಕಿಂತಮಣಿಗೆ ಹೋಗಿ ಬಾತೂರ್ ಜ್ವಾಲಾಮುಖಿ ನೋಡೋಣ ಅಂತ ಟ್ಯಾಕ್ಸಿಯವರು ಹೇಳುತ್ತಾರೆ. ಆ ರಸ್ತೆ 1,400 ಮೀಟರ್ ಮೇಲೆ ಹತ್ತುತ್ತದೆ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಉಳಿದ ನೈಟ್ರೋಜನ್‌ಗೆ ವಿಮಾನವೂ ಬೆಟ್ಟವೂ ಒಂದೇ, ಒತ್ತಡ ಇಳಿದರೆ ಗುಳ್ಳೆ ಕಟ್ಟುತ್ತದೆ. ನಾವು ಬೆಟ್ಟವನ್ನು ಮೊದಲೇ ನೋಡಿ ಮುಗಿಸಿ ಆಮೇಲೆ ಕಡಲಿಗೆ ಬಂದೆವು.

ಮೂರನೆಯದು ವಿಮೆ. ಹಾಗೆ ಗುಳ್ಳೆ ಕಟ್ಟಿದವರಿಗೆ ಬೇಕಾಗುವ ಒತ್ತಡದ ಕೋಣೆಯ ಚಿಕಿತ್ಸೆ ಸಿಗುವುದು ಡೆನ್‌ಪಸಾರ್‌ನಲ್ಲಿ. ತುಲಾಂಬೆನ್‌ನಿಂದ ಕಾರಿನಲ್ಲಿ ಎರಡೂವರೆ, ಮೂರು ಗಂಟೆ ಬೇಕು. ಸಾಮಾನ್ಯ ಟ್ರಾವೆಲ್ ವಿಮೆಗಳು ಎಷ್ಟೋ ಸಲ ಡೈವಿಂಗ್ ಅನ್ನು ಸೇರಿಸುವುದೇ ಇಲ್ಲ. ಡೈವರ್‌ಗಳಿಗೆಂದೇ ಇರುವ ವಿಮೆ ಮಾಡಿಸಿದೆವು. ಅದರ ತುರ್ತು ನಂಬರನ್ನು ಫೋನಿನಲ್ಲೂ ಕಾಗದದಲ್ಲೂ ಬರೆದಿಟ್ಟೆವು.

ಟ್ಯಾಂಕಿನ ಗಾಳಿಯ ಲೆಕ್ಕ ಮಾಡಿದ್ದು ರಾತ್ರಿ, ಹೋಮ್‌ಸ್ಟೇ ಜಗಲಿಯಲ್ಲಿ ಕೂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಟ್ಯಾಂಕಿನಲ್ಲಿ 50 ಬಾರ್ (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ) ಉಳಿಸಿಕೊಂಡು ಮೇಲೆ ಬನ್ನಿ ಎನ್ನುವುದನ್ನು ಎಲ್ಲರೂ ಕಲಿಸುತ್ತಾರೆ, ಆ 50 ಎಲ್ಲಿಂದ ಬಂತು ಅಂತ ಹೇಳುವವರು ಕಡಿಮೆ.

ನಮ್ಮ ಟ್ಯಾಂಕ್ 11 ಲೀಟರಿನದು. ಅಂದರೆ ಗೇಜಿನಲ್ಲಿ 1 ಬಾರ್ ಇಳಿದರೆ 11 ಲೀಟರ್ ಗಾಳಿ ಖರ್ಚು. ಇಬ್ಬರೂ ಗಾಬರಿಯಲ್ಲಿ ಒಂದೇ ಟ್ಯಾಂಕಿನಿಂದ ಉಸಿರಾಡುತ್ತಿದ್ದೇವೆ ಅಂದುಕೊಳ್ಳಿ. ಒಬ್ಬರಿಗೆ ನಿಮಿಷಕ್ಕೆ 25 ಲೀಟರ್, ಇಬ್ಬರಿಗೆ 50. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಹಾಗಾಗಿ ಅಲ್ಲಿ ಸುಧಾರಿಸಿಕೊಳ್ಳುವ ಒಂದು ನಿಮಿಷಕ್ಕೆ 150 ಲೀಟರ್. ನಿಧಾನವಾಗಿ 5 ಮೀಟರ್‌ಗೆ ಏರಲು ಎರಡು ನಿಮಿಷ, ಅದಕ್ಕೆ 225. ಅಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್, ಅಂದರೆ ಮೈಯ ನೈಟ್ರೋಜನ್ ಹೊರಹೋಗಲು ನಿಲ್ಲುವುದು, ಇನ್ನೊಂದು 225. ಕೊನೆಯ 5 ಮೀಟರ್‌ಗೆ ಸುಮಾರು 60. ಎಲ್ಲ ಕೂಡಿದರೆ 660 ಲೀಟರ್. 11ರಿಂದ ಭಾಗಿಸಿ: 60 ಬಾರ್. ಇದು ಬರೀ ನೀರಿನ ಮೇಲೆ ತಲುಪಲು. ಅಲ್ಲಿಂದ ಅಲೆ ದಾಟಿ ದಡ ಸೇರುವಾಗಲೂ ಬಾಯಲ್ಲಿ ರೆಗ್ಯುಲೇಟರ್ ಇರಬೇಕಲ್ವಾ? ಅದಕ್ಕೆ ಇನ್ನಷ್ಟು ಸೇರಿಸಿ, ಆಳ ಬಿಟ್ಟು ಹೊರಡುವಾಗ ಇಬ್ಬರಲ್ಲೂ 90 ಬಾರ್ ಇರಲೇಬೇಕು ಅಂತ ಇಟ್ಟುಕೊಂಡೆವು. ಯಾರ ಗೇಜ್ ಮೊದಲು 120 ತೋರಿಸುತ್ತದೋ ಅವರು ಕೈಸನ್ನೆ ಮಾಡಬೇಕು, ಅಲ್ಲಿಂದ ದಡದ ಕಡೆಗೇ ಮುಖ. ಗರಿಷ್ಠ ಆಳ 20 ಮೀಟರ್. ಹಡಗಿನ ಒಳಗೆ, ಬೆಳಕು ಕಾಣದ ಕಡೆ, ನುಗ್ಗುವುದಿಲ್ಲ.

"ಅಕ್ಕಾ, 120ಕ್ಕೇ ವಾಪಸ್ ಅಂದ್ರೆ ಅರ್ಧವೂ ನೋಡೋಕಾಗಲ್ಲ" ಅಂದ ತಮ್ಮ. ಹಡಗಿನ ಮೇಲಿನ ಭಾಗ 5 ಮೀಟರಲ್ಲೇ ಇದೆ, ವಾಪಸ್ ಬರುತ್ತಾ ಅಲ್ಲೇ ಎಷ್ಟು ಹೊತ್ತು ಬೇಕಾದರೂ ನೋಡಬಹುದು ಅಂದೆ. ಆಳ ಕಡಿಮೆಯಾದರೆ ಗಾಳಿಯೂ ನಿಧಾನವಾಗಿ ಖರ್ಚಾಗುತ್ತದೆ.

ತೂಕದ ವಿಷಯವನ್ನೂ ಅಂದೇ ಸರಿ ಮಾಡಿಕೊಂಡೆವು. ಅಲ್ಯೂಮಿನಿಯಂ ಟ್ಯಾಂಕ್ ತುಂಬಿದಾಗ ಮುಳುಗುತ್ತದೆ, ಖಾಲಿಯಾಗುತ್ತಾ ಬಂದರೆ ತೇಲಲು ನೋಡುತ್ತದೆ. ಒಳಗಿನ ಗಾಳಿಗೇ ಎರಡು ಕಿಲೋಗಿಂತ ಜಾಸ್ತಿ ತೂಕ ಇದೆ. 2019ರಲ್ಲಿ ತಮ್ಮ ಸೀಸ ಕಡಿಮೆ ಹಾಕಿಕೊಂಡಿದ್ದ. ಕೊನೆಯಲ್ಲಿ 5 ಮೀಟರಲ್ಲಿ ನಿಲ್ಲಲಾಗದೆ ಬಿರಡೆಯ ಹಾಗೆ ಮೇಲೆ ಹೋದ. ಅವನ ಹಿಂದೆ ನಾನೂ ಹೋಗಬೇಕಾಯಿತು. ನೀರಿನಡಿಯಲ್ಲೇ ದಡದವರೆಗೆ ಬರುವ ಬದಲು ಅಲೆ ಒಡೆಯುವ ಕಡೆ ಮೇಲೆದ್ದೆವು. ಈ ಸಲ ಬಳಸಿ ಗಾಳಿ ಕಡಿಮೆಯಾದ ಟ್ಯಾಂಕ್ ಹಾಕಿ, 50 ಬಾರ್ ಇರುವಾಗ ಎದೆಯುದ್ದ ನೀರಲ್ಲಿ ಪರೀಕ್ಷೆ ಮಾಡಿ, ಒಂದು ಕಿಲೋ ಸೇರಿಸಿದ.

ಬೆಳಗ್ಗೆ ಆರಕ್ಕೆ ದಡಕ್ಕೆ ಹೋದೆವು. ಬರಿಗೈಯಲ್ಲಿ. ಸಾಮಾನು ಹೊತ್ತು ಹೋದರೆ ಇಳಿದುಬಿಡೋಣ ಅನ್ನಿಸುತ್ತದೆ, ಅದಕ್ಕೆ. ಅರ್ಧ ಗಂಟೆ ಸುಮ್ನೆ ಕೂತು ಅಲೆ ನೋಡಿದೆವು. ನಾನು ಹೊನ್ನಾವರದ ಕಡೆ ಬೆಳೆದವಳು. ದೋಣಿ ನೀರಿಗೆ ತಳ್ಳುವ ಮೊದಲು ಮೀನುಗಾರರು ತೆರೆ ಎಣಿಸುತ್ತಾ ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. 2019ರಲ್ಲಿ ಅದು ನೆನಪಿಗೆ ಬರಲಿಲ್ಲವಲ್ಲ ಅನ್ನುವುದು ಇವತ್ತಿಗೂ ಬೇಸರ.

ಎಣಿಸಿದರೆ ಲಯ ಸಿಗುತ್ತದೆ. ಆ ದಿನ ನಾಲ್ಕೈದು ದೊಡ್ಡ ಅಲೆ ಸಾಲಾಗಿ ಬರುತ್ತಿದ್ದವು. ಆಮೇಲೆ ಒಂದೂವರೆ ಎರಡು ನಿಮಿಷ ಸಣ್ಣವು. ನಮಗೆ ಸಿಗುವ ಕಿಂಡಿ ಅಷ್ಟೇ. ದೊಡ್ಡ ಅಲೆ ಎಲ್ಲಿಯವರೆಗೆ ಬಂದು ಕಲ್ಲನ್ನು ಒದ್ದೆ ಮಾಡಿದೆ ನೋಡಿ, ಅದರಾಚೆ ಸಾಮಾನು ಇಡುವ ಜಾಗ ಗುರುತು ಮಾಡಿದೆವು. ಕಲ್ಲು ಸಣ್ಣದಿರುವ ಒಂದು ಪಟ್ಟಿ ಸಿಕ್ಕಿತು, ಹೊರಬರುವುದು ಅಲ್ಲೇ. ಅದರ ಹಿಂದಿದ್ದ ಮರ, ನೀಲಿ ಬಣ್ಣದ ಗೋಡೆ, ಇವೆರಡೂ ಒಂದೇ ಗೆರೆಗೆ ಬಂದರೆ ನಾವು ಸರಿಯಾದ ಜಾಗದಲ್ಲಿದ್ದೇವೆ ಅಂತ. ಅಲೆ ಜಾಸ್ತಿಯಾದರೆ ಎಲ್ಲಿಗೆ ಹೋಗುವುದು ಅಂತ ಇನ್ನೊಂದು ಜಾಗವನ್ನೂ ನಡೆದು ನೋಡಿ ಬಂದೆವು. ಕಂಪಾಸ್‌ನಲ್ಲಿ ಹೋಗುವ ದಿಕ್ಕು ನೋಡಿ, ಅದಕ್ಕೆ 180 ಕೂಡಿಸಿ ಬರುವ ದಿಕ್ಕನ್ನು ಸ್ಲೇಟಿನ ಮೇಲೆ ಬರೆದುಕೊಂಡೆವು.

ಹೋಮ್‌ಸ್ಟೇ ನಡೆಸುವ ಇಬುಗೆ ಒಂದು ಚೀಟಿ ಕೊಟ್ಟಿದ್ದೆ. ಏಳಕ್ಕೆ ಇಳಿಯುತ್ತೇವೆ, ಎಂಟಕ್ಕೆ ಬರುತ್ತೇವೆ, ಎಂಟೂವರೆಗೂ ಬರದಿದ್ದರೆ ಡೈವ್ ಅಂಗಡಿಯವರಿಗೆ ಹೇಳಿ. ಹಿರಿಯ ಹೆಂಗಸರನ್ನು ಅಲ್ಲಿ ಇಬು ಅಂತಾರೆ, ನಾವು ಅಮ್ಮ ಅನ್ನುವ ಹಾಗೆ. ಅವರು ಚೀಟಿಯನ್ನು ಗಡಿಯಾರದ ಕೆಳಗೆ ಅಂಟಿಸಿದರು.

ನಮ್ಮ ಟ್ಯಾಂಕುಗಳನ್ನು ದಡಕ್ಕೆ ತಂದವರು ಊರಿನ ಹೆಂಗಸರು. ತಲೆಗೆ ಬಟ್ಟೆಯ ಸಿಂಬೆ, ಅದರ ಮೇಲೆ ಎರಡು ಟ್ಯಾಂಕ್ ಅಡ್ಡಡ್ಡ, ಕಾಲಿಗೆ ಬರೀ ಹವಾಯಿ ಚಪ್ಪಲಿ. ಆ ಕಲ್ಲಿನ ಮೇಲೆ ಅವರು ಕಾಲಿಡುವುದನ್ನು ಗಮನವಿಟ್ಟು ನೋಡಿದೆ. ಕಲ್ಲಿನ ತಲೆಯ ಮೇಲೆ ಕಾಲಿಡುವುದಿಲ್ಲ. ಎರಡು ಕಲ್ಲಿನ ನಡುವಿನ ಸಂದಿಗೆ ಪಾದ ಇಟ್ಟು, ಅದು ಕೂತ ಮೇಲೆ ಭಾರ ಹಾಕುತ್ತಾರೆ. ನಾನೂ ಹಾಗೇ ಮಾಡಿದೆ. ಗಟ್ಟಿ ಅಡಿಯ ಬೂಟ್ ಇದ್ದರೂ ಆ ನಡಿಗೆಯೇ ಕೆಲಸಕ್ಕೆ ಬಂದಿದ್ದು.

ದೊಡ್ಡ ಸಾಲಿನ ಕೊನೆಯ ಅಲೆ ಒಡೆದ ತಕ್ಷಣ ಹೊರಟೆವು. ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಬಿಸಿಡಿಯಲ್ಲಿ (ತೇಲಲು ಗಾಳಿ ತುಂಬುವ ಜಾಕೆಟ್) ಅರ್ಧ ಗಾಳಿ, ಫಿನ್ ಎಡಗೈಯಲ್ಲಿ. ಬಲಗೈ ತಮ್ಮನ ತೋಳಿನಲ್ಲಿ. ಅಲೆಗೆ ಎದೆ ಕೊಡದೆ, ಪಕ್ಕಕ್ಕೆ ತಿರುಗಿ, ಕಾಲು ಎಳೆಯುತ್ತಾ ಹೋದೆವು. ಎದೆಯುದ್ದ ನೀರು ಬಂದ ಮೇಲೆ ಒಬ್ಬರನ್ನೊಬ್ಬರು ಹಿಡಿದು ಫಿನ್ ಹಾಕಿಕೊಂಡು, ಅಲೆ ಒಡೆಯುವ ಜಾಗದಿಂದ ಈಜಿ ಹೊರಬಿದ್ದೆವು. ಅಲ್ಲಿ ನಿಂತು ಪಟ್ಟಿ ಸರಿಮಾಡುವುದು, ಕ್ಯಾಮೆರಾ ನೋಡುವುದು ಏನೂ ಬೇಡ.

ನೀರೊಳಗೆ ಮೊದಲು ಸಿಕ್ಕಿದ್ದು ಕಪ್ಪು ಮರಳಿನ ಇಳಿಜಾರು. ಅದರಲ್ಲಿ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಹಾವಿನಂಥ ಮೀನು, ಗಾರ್ಡನ್ ಈಲ್‌ಗಳು. ಹತ್ತಿರ ಹೋದಂತೆ ಒಂದೊಂದೇ ಮರಳಿನೊಳಗೆ ಇಳಿದವು. ಆಮೇಲೆ ಎದುರಿಗೆ ಹಡಗು. ಬೆಳಗಿನ ಓರೆ ಬೆಳಕಲ್ಲಿ ತಲೆಗೆ ಬೋರೆ ಇರುವ ದೊಡ್ಡ ಗಿಳಿಮೀನುಗಳ ಹಿಂಡು ಬಂತು. ಒಂದೊಂದೂ ಕರುವಿನಷ್ಟು ಭಾರಿ. ಹವಳವನ್ನು ಕಚ್ಚಿ ಪುಡಿ ಮಾಡುವ ಸದ್ದು ನೀರಲ್ಲೂ ಸ್ಪಷ್ಟವಾಗಿ ಕೇಳಿತು. ರಾತ್ರಿ ಹಡಗಿನ ಸಂದಿಗಳಲ್ಲಿ ಮಲಗಿ ಬೆಳಗ್ಗೆ ಹೊರಡುತ್ತವೆ ಇವು. ಬೇಗ ಎದ್ದಿದ್ದು ಸಾರ್ಥಕ ಅನ್ನಿಸಿತು.

ಒಂದು ಕಡೆ ಟೈಟನ್ ಟ್ರಿಗರ್ ಮೀನು ಗೂಡು ಕಾಯುತ್ತಿತ್ತು. ಇದು ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ಲಾಳಿಕೆಯಂಥ ಜಾಗವನ್ನು ತನ್ನದು ಅಂದುಕೊಳ್ಳುತ್ತದೆ. ಮೇಲೆ ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಪಕ್ಕಕ್ಕೆ ಸರಿದೆವು, ಬಿಟ್ಟಿತು.

ತಮ್ಮ 120 ತೋರಿಸಿದಾಗ 22ನೇ ನಿಮಿಷ. ತಿರುಗಿದೆವು. ಹಡಗಿನ ಮೇಲಿನ ಭಾಗದಲ್ಲಿ ಇನ್ನೂ 20 ನಿಮಿಷ ಕಳೆದೆವು. ಅಲ್ಲೇ ಸೇಫ್ಟಿ ಸ್ಟಾಪ್ ಆಯಿತು. ತಮ್ಮ ಈ ಸಲ ಕದಲದೆ ನಿಂತ.

ಇಳಿಜಾರನ್ನೇ ಹಿಡಿದು ನೀರಿನಡಿಯಲ್ಲೇ 3 ಮೀಟರ್‌ವರೆಗೆ ಬಂದು, ಮೇಲೆದ್ದು ನೋಡಿದರೆ ಮರ ಮತ್ತು ನೀಲಿ ಗೋಡೆ ಒಂದೇ ಗೆರೆಯಲ್ಲಿ. ಅಲ್ಲಿ ತೇಲುತ್ತಾ ಒಂದು ಪೂರ್ತಿ ಸಾಲು ದೊಡ್ಡ ಅಲೆ ದಾಟಿ ಹೋಗಲು ಬಿಟ್ಟೆವು. ಕೊನೆಯದರ ಬೆನ್ನಿಗೇ ಈಜಿದೆವು. ಸೊಂಟದುದ್ದ ನೀರಲ್ಲಿ ಫಿನ್ ತೆಗೆದು, ಕೈ ಹಿಡಿದು ನಡೆದೆವು. ದಡಕ್ಕೆ ನಾಲ್ಕು ಹೆಜ್ಜೆ ಇರುವಾಗ ನನ್ನ ಕಾಲಡಿಯ ಕಲ್ಲು ಉರುಳಿತು. ಎದ್ದು ನಿಲ್ಲಲು ಹೋಗಲಿಲ್ಲ. ಹಾಗೇ ಮಂಡಿಯೂರಿ, ನಾಲ್ಕು ಕಾಲಲ್ಲಿ ಅಂಬೆಗಾಲಿಟ್ಟು ಒಣ ಕಲ್ಲಿನವರೆಗೆ ಬಂದೆ. ಅಲ್ಲಿ ಕೂತ ಮೇಲೇ ರೆಗ್ಯುಲೇಟರ್ ಬಾಯಿಂದ ತೆಗೆದಿದ್ದು. ಗೇಜ್ ನೋಡಿದೆ, 60 ಬಾರ್.

ಎಂಟಕ್ಕೆ ಹತ್ತು ನಿಮಿಷ ಇತ್ತು. ಇಬು ಚೀಟಿ ಕಿತ್ತು ನನ್ನ ಕೈಗೆ ಕೊಟ್ಟರು. ಅದರ ಹಿಂಬದಿಯಲ್ಲೇ ನಾಳೆಯ ಡೈವ್‌ನ ಸಮಯ ಬರೆದು ವಾಪಸ್ ಕೊಟ್ಟೆ.