ವಿಂಡೋಸ್‌ನಲ್ಲಿ ಎರಡು ಟಾರ್: ನಾನು ದಾರಿಗೆ ತಂದ ಬಗೆ

ಹಲವು ಫೈಲುಗಳನ್ನು ಒಂದೇ ಆರ್ಕೈವ್ (ಕಟ್ಟು) ಮಾಡುವ, ಮತ್ತೆ ಬಿಚ್ಚುವ ಕಮಾಂಡ್ ಲೈನ್ ಟಾರ್ ನಂಬಿಕೊಂಡು ನಮ್ಮ ಸಾಫ್ಟ್‌ವೇರಿನ ಅಪ್‌ಡೇಟರ್ ಬರೆಯಬೇಡ, ಸುಮ್ನೆ ಒಂದು ಸಿದ್ಧ ಕೋಡಿನ ಲೈಬ್ರರಿ ಸೇರಿಸಿಬಿಡು ಅಂತ ತಂಡದವರೆಲ್ಲ ಹೇಳಿದ್ದರು. ನಾನು ಒಪ್ಪಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷದಿಂದ ಅದೇ ಅಪ್‌ಡೇಟರ್ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ತಕರಾರಿಲ್ಲದೆ ಓಡುತ್ತಿದೆ.

ತಲೆನೋವು ಎಲ್ಲಿ ಅಂತ ನಿಮಗೂ ಗೊತ್ತು ಅಲ್ವಾ? 2018ರ ವಿಂಡೋಸ್ 10, 1803 ಆವೃತ್ತಿಯಿಂದ ವಿಂಡೋಸ್‌ನದೇ ಸಿಸ್ಟಮ್32 ಫೋಲ್ಡರ್ ಒಳಗೆ ಟಾರ್ ಬರುತ್ತದೆ. ಅದು ಬಿಎಸ್‌ಡಿಟಾರ್ ಅನ್ನೋ ಬಗೆ. ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್ ಹಾಕಿಕೊಂಡವರ ಯಂತ್ರದಲ್ಲಿ ಜೊತೆಗೆ ಗ್ನೂ ಟಾರ್ ಅನ್ನೋ ಇನ್ನೊಂದು ಬಗೆಯೂ ಇರುತ್ತದೆ. ಪಾತ್‌ನಲ್ಲಿ, ಅಂದರೆ ವಿಂಡೋಸ್ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಯಾವುದು ಮೊದಲು ಸಿಕ್ಕಿತೋ ಅದು ಓಡುತ್ತದೆ. ಆರ್ಕೈವ್ ಹೆಸರಲ್ಲಿ ಕೋಲನ್ (:) ಕಂಡರೆ ಗ್ನೂ ಟಾರ್ ಅದರ ಹಿಂದಿನ ಅಕ್ಷರವನ್ನು ಬೇರೊಂದು ಕಂಪ್ಯೂಟರಿನ ಹೆಸರು ಅಂತ ತಿಳಿಯುತ್ತದೆ. ಸಿ: ಡ್ರೈವಿನ ಫೈಲಿನ ಪೂರ್ತಿ ವಿಳಾಸ (ಪಾತ್) ಕೊಟ್ಟರೆ 'ಸಿ' ಅನ್ನೋ ಹೋಸ್ಟ್ ಹುಡುಕಲು ಹೊರಡುತ್ತದೆ! ಫೋರ್ಸ್-ಲೋಕಲ್ ಆಯ್ಕೆ ಹಾಕಿದರೆ ಅದೇನೋ ಸರಿಹೋಗುತ್ತದೆ. ಆದರೆ ಬಿಎಸ್‌ಡಿಟಾರ್‌ಗೆ ಆ ಆಯ್ಕೆಯೇ ಗೊತ್ತಿಲ್ಲ, ಎರರ್ ಕೊಟ್ಟು ನಿಂತುಬಿಡುತ್ತದೆ.

ಫೈಲ್ ಹೆಸರಿನ ಬದಲು ಒಳಗಿನದನ್ನೇ ಪೈಪ್‌ನಲ್ಲಿ (ಒಂದು ಕಮಾಂಡಿನಿಂದ ಇನ್ನೊಂದಕ್ಕೆ ನೇರ) ಕೊಡೋಣ ಅಂತ ನೋಡಿದೆವು. ವಿಂಡೋಸ್‌ನಲ್ಲಿ ಕಮಾಂಡ್ ಓಡಿಸುವ ಪವರ್‌ಶೆಲ್ 5.1ರ ಪೈಪ್ ಬೈನರಿಯನ್ನು ಪಠ್ಯ ಅಂದುಕೊಂಡು ಕೆಡಿಸಿತು. ಆರ್ಕೈವ್ ಬಿಚ್ಚುವ 7-ಜಿಪ್ ಚೆನ್ನಾಗಿದೆ, ಆದರೆ ಟಾರ್‌ಜಿಜಡ್ (ಜಿಜಿಪ್‌ನಿಂದ ಕುಗ್ಗಿಸಿದ ಟಾರ್) ಬಿಚ್ಚಲು ಎರಡು ಸಲ ಓಡಿಸಬೇಕು. ಇನ್‌ಸ್ಟಾಲರ್ ಅದನ್ನು ಪಾತ್‌ಗೂ ಸೇರಿಸುವುದಿಲ್ಲ. ಪವರ್‌ಶೆಲ್‌ನದೇ ಜಿಪ್ ಕಮಾಂಡ್ ಕಂಪ್ರೆಸ್-ಆರ್ಕೈವ್ ನಂಬಿದರೆ 2 ಜಿಬಿ ಮಿತಿ. ಈ ಎಲ್ಲ ಪರೀಕ್ಷೆಗಳನ್ನು ಬಾಡಿಗೆ ಯಂತ್ರಗಳಲ್ಲಿ ಓಡಿಸಿದ ಬಿಲ್ಡ್ ಬಿಲ್ಲೇ ತಿಂಗಳಿಗೆ ನಾಲ್ಕೈದು ಸಾವಿರ ರೂಪಾಯಿ ದಾಟಿತು. ನಾವು ಬಳಸುವ ಸೇವೆಯಲ್ಲಿ ಆಗ ವಿಂಡೋಸ್ ನಿಮಿಷಕ್ಕೆ ಲಿನಕ್ಸ್‌ನ ಎರಡರಷ್ಟು ದರ ಇತ್ತು. ಅದರ ಮೇಲೆ ಒಬ್ಬ ಗ್ರಾಹಕರು 40,000 ರೂಪಾಯಿ ಆಸುಪಾಸಿನ ಕೊನೆಯ ಕಂತು ತಡೆಹಿಡಿದರು.

ಕೊನೆಗೆ ಹಿಡಿದ ದಾರಿ ಇದು. ಬರೀ ಟಾರ್ ಅಂತ ಎಲ್ಲೂ ಕರೆಯುವುದಿಲ್ಲ. ಮೊದಲು ಸಿಸ್ಟಮ್32ದನ್ನು ಪೂರ್ತಿ ಪಾತ್ ಕೊಟ್ಟು ಹುಡುಕುತ್ತೇವೆ, ಆಮೇಲೆ ಗಿಟ್‌ದು. ವರ್ಷನ್ ಸಾಲಿನಲ್ಲಿ ಬಿಎಸ್‌ಡಿಟಾರ್ ಅಂತ ಇದೆಯೋ ಗ್ನೂ ಅಂತ ಇದೆಯೋ ನೋಡುತ್ತೇವೆ. ಅಷ್ಟು ಸಾಲದು. ಗಿಟ್‌ನ ಟಾರ್ ಟಾರ್‌ಜಿಜಡ್ ಬಿಚ್ಚಲು ಹೊರಗಿನ ಜಿಜಿಪ್ ಕರೆಯುತ್ತದೆ, ಅದರ ಫೋಲ್ಡರ್ ಪಾತ್‌ನಲ್ಲಿ ಇಲ್ಲದಿದ್ದರೆ ಬೀಳುತ್ತದೆ. ಹಾಗಾಗಿ ಒಂದು ಪುಟ್ಟ ಆರ್ಕೈವನ್ನು ನಿಜವಾಗಿ ಬಿಚ್ಚಿಸಿ, ಒಳಗಿನ ಫೈಲಿನ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿದ ಮೇಲೇ ಆ ಟಾರ್‌ಗೆ ಕೆಲಸ. ಆ ಆರ್ಕೈವ್ ಒಳಗೆ ಏನೇನು ಇಟ್ಟಿದ್ದೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಕೋಲನ್ ಕಾಟಕ್ಕೆ ಮದ್ದು ಇನ್ನೂ ಸುಲಭ. ಆರ್ಕೈವ್, ಬಿಚ್ಚುವ ಫೋಲ್ಡರ್ ಎರಡನ್ನೂ ಒಂದೇ ತಾತ್ಕಾಲಿಕ ಜಾಗದಲ್ಲಿ ಇಡಿ. ವರ್ಕಿಂಗ್ ಡೈರೆಕ್ಟರಿ ಅಲ್ಲೇ ಮಾಡಿ, ಬರೀ ಹೆಸರು ಕೊಡಿ. ಡ್ರೈವ್ ಅಕ್ಷರವೇ ಬರುವುದಿಲ್ಲ. ಎರಡೂ ಟಾರ್ ಒಂದೇ ಕಮಾಂಡಿಗೆ ಒಪ್ಪುತ್ತವೆ. ಇದನ್ನು ಕಂಡುಕೊಂಡ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಈ ನಡುವೆ ಕುತೂಹಲಕ್ಕೆ ಕನ್ನಡ ಹೆಸರಿನ ಫೈಲುಗಳನ್ನೂ ಹಾಕಿ ನೋಡಿದೆ. ಸಿಸ್ಟಮ್32 ಟಾರ್ ಹೆಸರನ್ನು ಪರಿವರ್ತಿಸಲು ಆಗಲಿಲ್ಲ ಅಂತ ಗೊಣಗಿತು. ಕನ್ನಡಕ್ಕೆ ವಿಂಡೋಸ್‌ನ ಹಳೆಯ ಆನ್ಸಿ ಕೋಡ್‌ಪೇಜ್ (ಯೂನಿಕೋಡ್‌ಗೂ ಹಿಂದಿನ ಅಕ್ಷರಪಟ್ಟಿ) ಇಲ್ಲ, ಯೂನಿಕೋಡ್ ಒಂದೇ ದಾರಿ. ಈಗ ಆರ್ಕೈವ್ ಒಳಗೆ ಸಂಖ್ಯೆಗಳನ್ನೇ ಹೆಸರಾಗಿ ಇಟ್ಟು, ನಿಜವಾದ ಹೆಸರುಗಳನ್ನು ಯುಟಿಎಫ್-8 ಪಟ್ಟಿಯಲ್ಲಿ ಕಳಿಸುತ್ತೇನೆ. ಇದು ಓಡಿಸಬಹುದಾದ ಫೈಲು ಅಂತ ಹೇಳುವ ಎಕ್ಸಿಕ್ಯೂಟ್ ಬಿಟ್ ಕೂಡ ಅದೇ ಪಟ್ಟಿಯಲ್ಲಿ ಹೋಗುತ್ತದೆ, ವಿಂಡೋಸ್‌ನಲ್ಲಿ ಕಟ್ಟಿದ ಪ್ಯಾಕೇಜ್ ಮ್ಯಾಕ್‌ನಲ್ಲಿ ಓಡಲು ಅದು ಬೇಕೇ ಬೇಕು.

ಕಂತು ತಡೆಹಿಡಿದ ಆ ಗ್ರಾಹಕರದು ವಿಂಡೋಸ್ ಸರ್ವರ್ 2016. ಅದರಲ್ಲಿ ಟಾರ್ ಬರುವುದೇ ಇಲ್ಲ. ಅಂಥವರಿಗೆ ನಮ್ಮದೇ ಬಿಎಸ್‌ಡಿಟಾರ್ ಜೊತೆಗೆ ಕಳಿಸುತ್ತೇವೆ, ಲೈಸೆನ್ಸ್ ಬಿಎಸ್‌ಡಿ, ಅಡ್ಡಿಯಿಲ್ಲ. ಕಂತಿನ ದುಡ್ಡು ಮುಂದಿನ ತಿಂಗಳೇ ಬಂತು. ಬಿಲ್ಡ್ ಬಿಲ್ ಈಗ ಸಾವಿರದ ಆಚೀಚೆ.